ಹೊಯ್ಗೆಕಾಲಿನ ಬೊಮ್ಮಿ

ಹಿಂದಕ್ಕೆ. ಹಿಂದಕ್ಕೂ ಹಿಂದಕ್ಕೆ. ನನ್ನ ಅಜ್ಜಿಯ ಅಜ್ಜಿ ತೊಟ್ಟಿಲಲ್ಲಿ ಹೆಬ್ಬೆರಳು ಚೀಪ್ತಿದ್ದ ಕಾಲಕ್ಕೂ ಹಿಂದಕ್ಕೆ ಒಂದು ಊರಿತ್ತು. ಪಡುವಣಕ್ಕೆ ಕಡಲು, ಮೂಡಣಕ್ಕೆ ಗುಡ್ಡ, ನಡುವೆ ಊರು. ಊರಿನ ಹೆಸರೆಂತ ಅಂತ ಕೇಳ್ಬೇಡಿ. ಹೇಳಿದ್ರೆ ಆ ಊರಿನವರು ನಾಳೆ ನನ್ನ ಜಗಲಿಗೆ ಜಗಳಕ್ಕೆ ಬರ್ತಾರೆ. ಜಗಳ ಆಡೋಕೆ ನನಗೀಗ ಹಲ್ಲಿಲ್ಲ.

ಕೇಳ್ತಾ ಇದ್ದೀರಾ? ಹಾಗಾದ್ರೆ ಹೂಂ ಅನ್ನಿ. ಹೂಂಗುಟ್ಟೋರಿಲ್ಲದೆ ನಾನು ಕಥೆ ಹೇಳೋಳಲ್ಲ.

ಆ ಊರಿಗೂ ಕಡಲಿಗೂ ನಡುವೆ ಒಂದು ಹೊಯ್ಗೆ ದಿಬ್ಬ. ಹೊಯ್ಗೆ ಅಂದ್ರೆ ಮರಳು, ಘಟ್ಟದ ಮೇಲಿಂದ ಬಂದವರಿಗೆ ಹೇಳ್ತಾ ಇದ್ದೇನೆ. ತೆಂಗಿನಮರದಷ್ಟು ಎತ್ತರದ ದಿಬ್ಬ, ಆದ್ರೆ ಬಹಳ ಪಾಪದ್ದು. ಯಾರ ತಂಟೆಗೂ ಹೋಗ್ತಿರಲಿಲ್ಲ. ಮೈತುಂಬ ಅಡಂಬು ಬಳ್ಳಿ ಹೊದ್ಕೊಂಡು ಮಲಗಿತ್ತು. ಅಡಂಬು ಬಳ್ಳಿ ನೋಡಿದ್ದೀರಲ್ಲ? ಎಲೆ ಆಡಿನ ಗೊರಸಿನ ಹಾಗೆ ಸೀಳಿರ್ತದೆ, ನೇರಳೆ ಬಣ್ಣದ ಹೂ ಬಿಡ್ತದೆ. ಗಾಳಿ ಎಷ್ಟೇ ಬೀಸ್ಲಿ, ಬಳ್ಳಿ ಹೊಯ್ಗೆಯನ್ನ ಗಟ್ಟಿ ಹಿಡ್ಕೊಂಡಿರ್ತಿತ್ತು.

ಆ ಊರಲ್ಲೊಂದು ಕಟ್ಟಳೆ. ಮದುಮಗಳು ದೋಣಿಯಲ್ಲೇ ಬರಬೇಕು. ದೋಣಿ ಇಳಿದು ಗಂಡನ ಮನೆ ಹೊಸ್ತಿಲು ದಾಟೋ ತನಕ ಅವಳ ಪಾದಕ್ಕೆ ಹೊಯ್ಗೆ ತಾಗಬಾರದು. ಅದಕ್ಕೆ ದಾರಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಅಡಂಬು ಬಳ್ಳಿ ಹಾಸ್ತಿದ್ರು. ಬಳ್ಳಿ ತರೋದಕ್ಕೂ ಕ್ರಮ ಇತ್ತು. ಕತ್ತಿಯಲ್ಲಿ ತುದಿ ಕೊಯ್ಯಬಹುದು, ಕೈಹಾಕಿ ಬುಡ ಕೀಳಬಾರದು. ಹಾಗಾಗಿ ಬಳ್ಳಿ ಯಾವತ್ತೂ ಸಾಲದು. ಮದುಮಗಳು ಒಂದು ಹಾಸಿನಿಂದ ಇನ್ನೊಂದು ಹಾಸಿಗೆ ಸೀರೆ ಎತ್ಕೊಂಡು ಕುಪ್ಪಳಿಸಬೇಕು. ಊರ ಹೆಂಗಸರೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಮದುಮಗಳೂ ನಗ್ತಿದ್ಲು. ಹೊಸಬಳ ಹೆದರಿಕೆ ಅಲ್ಲೇ ಅರ್ಧ ಇಳೀತಿತ್ತು.

ಊರಿಗೊಬ್ಬ ಯಜಮಾನ ಬೇಕಲ್ಲ? ಇದ್ದ. ಹಮ್ಮಣ್ಣ ಅಂತ. ದೊಡ್ಡ ದೋಣಿ, ದೊಡ್ಡ ಬಲೆ, ಅದಕ್ಕಿಂತ ದೊಡ್ಡ ಬಾಯಿ. ಅವನಿಗೊಬ್ಬನೇ ಮಗ, ಜಟ್ಟಿ. ಆ ಜಟ್ಟಿಗೆ ಹೊಳೆಯಾಚೆಯ ಊರಿನ ಬೊಮ್ಮಿ ಅನ್ನೋ ಹೆಣ್ಣು ನಿಶ್ಚಯ ಆಯ್ತು. ಮದುವೆ ದಿನ ಹತ್ತಿರ ಬಂತು. ಹಮ್ಮಣ್ಣ ಮೀಸೆ ತಿರುವಿದ.

"ನನ್ನ ಸೊಸೆ ಕುಪ್ಪಳಿಸಿ ಬರೋದಾ? ಕುಪ್ಪಳಿಸೋಕೆ ಅವಳೇನು ಕಪ್ಪೆಯಾ? ಯಜಮಾನನ ಸೊಸೆ ನಡೆದು ಬರಬೇಕು. ದಾರಿಯುದ್ದಕ್ಕೂ ಮೂರು ಪದರ ಬಳ್ಳಿ ಹಾಸಿ!"

ಹೆಂಡತಿ ಮಾದೇವಿ ಮೆಲ್ಲಗೆ ಅಂದ್ಲು, "ಅಷ್ಟು ಬಳ್ಳಿ ಬೇಕಾದ್ರೆ ಬುಡವೇ ಕೀಳಬೇಕಾಗ್ತದೆ, ಅಲ್ವಾ?"

"ಕೀಳ್ಲಿ! ಬಳ್ಳಿ ತಾನೇ, ಮತ್ತೆ ಬರ್ತದೆ. ಮಗನ ಮದುವೆ ಮತ್ತೆ ಬರ್ತದಾ?"

ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಸರಿ, ಅವನಿಗೆ ಬುದ್ಧಿ ಇಲ್ಲ. ಊರಿನವರಾದ್ರೂ ಬೇಡ ಅಂದ್ರಾ? ಎಲ್ಲಿ ಅಂತಾರೆ! ಮದುವೆ ಊಟ ಕಣ್ಣೆದುರಿಗೆ ಇತ್ತು. ಇಡೀ ಊರು ದಿಬ್ಬ ಹತ್ತಿತು. ಎಳೆದ್ರು, ಕಿತ್ರು, ಹೊತ್ತು ತಂದ್ರು. ಸಂಜೆ ಹೊತ್ತಿಗೆ ದಿಬ್ಬ ಬೋಳಾಗಿ ನಿಂತಿತ್ತು.

ಬೊಮ್ಮಿ ಬಂದ್ಲು. ಪಾಪ, ಅವಳಿಗೆ ಎಂತ ಗೊತ್ತು? ತಾಯಿ ಇಲ್ಲ, ತಂದೆ ಇಲ್ಲ, ಸೋದರಮಾವನ ಮನೆಯಲ್ಲಿ ಮುಸುರೆ ತಿಕ್ಕಿ ಬೆಳೆದ ಹುಡುಗಿ. ಹಸಿರು ಹಾಸಿನ ಮೇಲೆ ಕಾಲಿಟ್ಟು ಹಾಗೇ ನಿಂತ್ಕೊಂಡ್ಲು. "ಇಷ್ಟೆಲ್ಲಾ ನನಗೋಸ್ಕರ ಮಾಡಿದ್ರಾ?" ಅಂತ ಕಣ್ಣಲ್ಲಿ ನೀರು ತಂದ್ಕೊಂಡ್ಲು. ಹುಟ್ಟಿದ ಮೇಲೆ ಮೊದಲ ಸಲ ತಾನು ಯಾರಿಗೋ ಬೇಕಾದವಳು ಅಂತ ಅವಳಿಗೆ ಅನ್ನಿಸಿತ್ತು. ಅದೊಂದು ಆಸೆ ಅವಳಿಗೆ. ನಾಲ್ಕು ಜನರ ನಡುವೆ ಒಬ್ಬಳಾಗಿರಬೇಕು, ಅಷ್ಟೇ. ಅತಿ ಆಸೆಯಾ ಅದು? ನೀವೇ ಹೇಳಿ.

ಆಮೇಲೆ ಪಡುವಣ ಗಾಳಿ ಎದ್ದಿತು. ಸರ್ರ್... ಸರ್ರ್... ದಿಬ್ಬ ಮೈಮುರಿದು ಎದ್ದು ನಡೆಯೋಕೆ ಶುರುಮಾಡಿತು.

ಮೊದಲ ವರ್ಷ ಮೀನು ಒಣಗಿಸೋ ಬಯಲು ಹೋಯ್ತು. "ಹೋಗ್ಲಿ ಬಿಡಿ, ಬೇರೆ ಬಯಲಿದೆ" ಅಂದ್ರು. ಎರಡನೇ ವರ್ಷ ಗೆಣಸಿನ ಗದ್ದೆ ಹೋಯ್ತು, ಬಾವಿ ಹೋಯ್ತು. "ಹೋಗ್ಲಿ ಬಿಡಿ, ಬೇರೆ ಬಾವಿ ತೋಡೋಣ" ಅಂದ್ರು. ಮೂರನೇ ವರ್ಷ ಮನೆಗೇ ಬಂತು. ಗಂಜಿಯಲ್ಲಿ ಹೊಯ್ಗೆ, ಹಾಸಿಗೆಯಲ್ಲಿ ಹೊಯ್ಗೆ, ಮಲಗಿದ ಕೂಸಿನ ಕಿವಿಯಲ್ಲಿ ಹೊಯ್ಗೆ. ಬೆಳಿಗ್ಗೆ ಬಾಗಿಲು ತೆಗೀಬೇಕಾದ್ರೆ ಕಿಟಕಿಯಿಂದ ಹಾರಿ ಹೊರಗೆ ಬಂದು ಹೊಯ್ಗೆ ತೋಡ್ಬೇಕು. ಯಜಮಾನ ಹಮ್ಮಣ್ಣ ಒಂದು ದಿನ ಮಾಡಿನ ಹುಲ್ಲು ಸರಿಸಿ ಮನೆಯೊಳಗೆ ಇಳಿದ. ನಗಬೇಡಿ, ನಿಮ್ಮ ಮನೆಗೆ ಬಂದ್ರೆ ಗೊತ್ತಾಗ್ತದೆ.

ಊರು ಕೂಡಿತು. ತಪ್ಪು ಯಾರದ್ದು? ಎಲ್ಲರದ್ದೂ. ಬಳ್ಳಿ ಕಿತ್ತ ಕೈ ಎಲ್ಲರ ಹೆಗಲಿಗೂ ಅಂಟಿಕೊಂಡೇ ಇತ್ತಲ್ಲ! ಆದ್ರೆ ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಒಬ್ಬಳು ಬಾಯಿ ತೆಗೆದ್ಲು, "ಈ ಹುಡುಗಿ ಬಂದ ಮೇಲೆ ತಾನೇ ಇದೆಲ್ಲ ಶುರುವಾದದ್ದು?" ಇನ್ನೊಬ್ಬ ಅಂದ, "ಅವಳು ನಡೆದು ಬಂದ ದಾರಿಯಲ್ಲೇ ಹೊಯ್ಗೆ ಬಂದದ್ದು, ನೋಡಿದ್ರಾ?" ಬರದೆ ಮತ್ತೆ! ದಿಬ್ಬ ಬೋಳಿಸಿದ್ದು ಅದೇ ದಾರಿಯ ಬದಿಯಲ್ಲಿ. ಆದ್ರೆ ಯಾರು ಹೇಳ್ತಾರೆ? ಹಮ್ಮಣ್ಣನಿಗೆ ಅಷ್ಟೇ ಸಾಕಾಯ್ತು.

"ಹೊಯ್ಗೆಕಾಲು!" ಅಂದ. "ಇವಳದ್ದು ಹೊಯ್ಗೆಕಾಲು. ಇವಳೆಲ್ಲಿ ಹೋಗ್ತಾಳೋ ಅಲ್ಲಿಗೆ ಹೊಯ್ಗೆ ಹಿಂದೆ ಬರ್ತದೆ. ನಾವು ಗುಡ್ಡದ ಬುಡಕ್ಕೆ ಹೋಗೋಣ. ಇವಳು ಇಲ್ಲೇ ಇರ್ಲಿ."

ಗಂಟುಮೂಟೆ ಕಟ್ಟಿದ್ರು. ಬೊಮ್ಮಿಯೂ ಒಂದು ಗಂಟು ಕಟ್ಟಿ ತಲೆ ಮೇಲಿಟ್ಕೊಂಡ್ಲು.

"ಮಾವಾ, ನಾನೂ ಬರ್ಲಾ?" ಹಮ್ಮಣ್ಣ ತಿರುಗಿ ನೋಡ್ಲಿಲ್ಲ.

"ಅತ್ತೇ, ನಾನೂ ಬರ್ಲಾ?" ಮಾದೇವಿ ಸೆರಗಿನಲ್ಲಿ ಮೂಗು ಒರೆಸ್ಕೊಂಡು ಮುಂದೆ ಹೋದ್ಲು.

ಕೊನೆಗೆ ಗಂಡನ ಹತ್ತಿರ ಹೋದ್ಲು. "ನಾನೂ ಬರ್ಲಾ?" ಜಟ್ಟಿ ನೆಲ ನೋಡಿದ. "ಈಗ ಇಲ್ಲೇ ಇರು ಬೊಮ್ಮಿ. ಅಪ್ಪನ ಸಿಟ್ಟು ಇಳಿದ ಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೇನೆ" ಅಂದ.

ಬಂದ್ನಾ? ಬರ್ಲಿಲ್ಲ. ಬರೋ ಗಂಡಸಾಗಿದ್ರೆ ಬಿಟ್ಟು ಹೋಗ್ತಿದ್ನಾ, ಹೇಳಿ ನೋಡುವ!

ಬೊಮ್ಮಿ ಹೊಳೆದಂಡೆಗೆ ಹೋಗಿ ಆಚೆ ದಡದಲ್ಲಿದ್ದ ಸೋದರಮಾವನನ್ನ ಕೂಗಿದ್ಲು. "ಮಾವಾ, ದೋಣಿ ಕಳಿಸು!" ಸುದ್ದಿ ಅವಳಿಗಿಂತ ಮುಂಚೆ ಹೊಳೆ ದಾಟಿತ್ತು. ಮಾವ ಆಚೆಯಿಂದಲೇ ಕೈಮುಗಿದ. "ಬೇಡ ಮಗಾ. ನಮ್ಮದೂ ಹೊಯ್ಗೆ ನೆಲವೇ. ನಿನ್ನ ಕಾಲು ಈ ಕಡೆ ಇಡಬೇಡ." ಬೊಮ್ಮಿ ಸುಮಾರು ಹೊತ್ತು ಅಲ್ಲೇ ಕೂತಿದ್ದು ವಾಪಸ್ಸು ಬಂದ್ಲು.

ಆಮೇಲೆ ಒಬ್ಬಳೇ. ಒಂಟಿ ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟಾ? ಮನೆಯಲ್ಲಿ ಒಂದು ಹೊತ್ತು ಯಾರೂ ಇಲ್ಲದಿದ್ರೆ ಅದು ಒಂಟಿಯಲ್ಲ, ಅದು ಸುಖ. ಇವಳದ್ದು ಹಾಗಲ್ಲ. ಚಿಪ್ಪಿ ಹೆಕ್ಕಿ ತಂದು ಬೇಯಿಸ್ತಿದ್ಲು, ಉಪ್ಪು ಹೆಚ್ಚಾಯ್ತು ಅಂತ ಬೈಯ್ಯೋರಿಲ್ಲ. ಸೀನ್ತಿದ್ಲು, ಚಿರಂಜೀವಿ ಅನ್ನೋರಿಲ್ಲ. ಒಂದು ಸಲ ತಾನೇ ಸೀನಿ ತಾನೇ "ಚಿರಂಜೀವಿ" ಅಂದ್ಕೊಂಡು, ಆ ಧ್ವನಿ ಕೇಳಿ ಬೆಚ್ಚಿಬಿದ್ಲು. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಯಾರಾದ್ರೂ ಬಂದಾರು ಅಂತ ಎರಡು ಮಣೆ ಹಾಕ್ತಿದ್ಲು. ಸಂಜೆಗೆ ಎರಡೂ ಮಣೆಯ ಮೇಲಿನ ಹೊಯ್ಗೆ ಒರೆಸಿ ಒಳಗಿಡ್ತಿದ್ಲು. ಜಗಳ ಆಡೋಕೂ ಒಬ್ರು ಬೇಕಲ್ರೋ!

ಯಾರೂ ಸಿಗದೆ ಒಂದು ದಿನ ದಿಬ್ಬದ ಹತ್ತಿರವೇ ಜಗಳಕ್ಕೆ ಹೋದ್ಲು. ಸೊಂಟಕ್ಕೆ ಸೆರಗು ಸಿಕ್ಕಿಸಿ ದಿಬ್ಬದ ನೆತ್ತಿಯಲ್ಲಿ ನಿಂತು, "ಏ ಬೋಳು ಮುಂಡೇದೇ!" ಅಂದ್ಲು. "ನಿನ್ನಿಂದ ನನ್ನ ಸಂಸಾರ ಹೋಯ್ತು. ಸುಮ್ಮನೆ ಬಿದ್ಕೊಂಡಿರೋಕೆ ನಿನಗೇನು ಧಾಡಿ? ಯಾಕೆ ನಡೀತೀಯಾ?"

ದಿಬ್ಬ ಮಾತಾಡಿತು. ಆ ಕಾಲದಲ್ಲಿ ಮಾತಾಡ್ತಿತ್ತು, ಈಗ ನಮ್ಮ ಗಲಾಟೆಯಲ್ಲಿ ಕೇಳೋದಿಲ್ಲ, ಅಷ್ಟೇ.

"ನಾನೆಲ್ಲಿ ನಡೀತೇನೆ ಮಗಳೇ?" ಅಂದಿತು. "ಗಾಳಿ ತಳ್ತದೆ. ಹಿಡ್ಕೊಳ್ಳೋರಿಲ್ಲ. ಮೊದಲು ನನ್ನ ಮೈಮೇಲೆ ಸಾವಿರ ಬಳ್ಳಿಯ ಕೈಯಿತ್ತು. ಈಗ ಒಂದೂ ಇಲ್ಲ. ಬಿಟ್ಟವರ ಹಿಂದೆ ಹೋಗದೆ ನಾನೆಲ್ಲಿಗೆ ಹೋಗ್ಲಿ?"

ಬೊಮ್ಮಿಗೆ ಬೈಗುಳ ಮರೆತೇ ಹೋಯ್ತು. ದಿಬ್ಬದ ಮೇಲೆ ಕುಕ್ಕರಿಸಿ ಕೂತ್ಕೊಂಡ್ಲು. ಅಲ್ಲಿಂದ ಗುಡ್ಡದ ಬುಡದ ಹೊಸ ಊರು ಕಾಣ್ತಿತ್ತು. ಒಲೆ ಹೊಗೆ, ಹಸಿರು ಗದ್ದೆ, ತೊಟ್ಟಿಲು ಕಟ್ಟಿದ ಮರ. ಹಳೇ ಊರಿನಲ್ಲಿ ಅವಳದ್ದೊಂದು ಬಿಟ್ಟು ಉಳಿದ ಮನೆಗಳೆಲ್ಲ ಹೊಯ್ಗೆಯ ಕೆಳಗೆ ಹೋಗಿದ್ವು. ಇನ್ನು ನಾಲ್ಕೈದು ಗಾಳಿಗಾಲ ಕಳೆದ್ರೆ ದಿಬ್ಬ ಅಲ್ಲಿಗೂ ಮುಟ್ತದೆ.

"ಹೇಳು" ಅಂದಿತು ದಿಬ್ಬ. "ನಿನ್ನನ್ನ ಬಿಟ್ಟು ಹೋದ್ರಲ್ಲ. ಅವರ ಮೇಲೆ ಹೋಗಿ ಮಲಗ್ಲಾ?"

ಬೊಮ್ಮಿ ಹೌದು ಅನ್ನೋಕೆ ಬಾಯಿ ತೆಗೆದ್ಲು. ಸುಳ್ಳು ಯಾಕೆ ಹೇಳ್ಲಿ, ತೆಗೆದ್ಲು. ಹಮ್ಮಣ್ಣನ ಬಾಯಿತುಂಬ ಹೊಯ್ಗೆ ತುಂಬ್ಲಿ ಅಂತಲೇ ಇತ್ತು ಅವಳ ಹೊಟ್ಟೆಯಲ್ಲಿ. ಅಷ್ಟರಲ್ಲಿ ಅತ್ತೆಯ ನೆನಪಾಯ್ತು. ಮಾದೇವಿಗೆ ಉಬ್ಬಸ. ಒಂದು ಹಿಡಿ ಧೂಳು ಎದ್ರೂ ಮುದುಕಿ ಕೆಮ್ಮಿ ಕೆಮ್ಮಿ ನೀಲಿಯಾಗ್ತಿದ್ಲು, ಬೊಮ್ಮಿಯೇ ಬೆನ್ನು ತಿಕ್ಕ್ತಿದ್ಲು. ಅಲ್ಲಿ ಈಗ ಯಾರು ತಿಕ್ಕ್ತಾರೆ?

"ಬೇಡ" ಅಂದ್ಲು. "ನೀನು ಇಲ್ಲೇ ಇರು. ನಾನು ಹಿಡ್ಕೊಳ್ತೇನೆ."

ದಿಬ್ಬ ಹಿಡಿಯೋದಂದ್ರೆ ತಮಾಷೆಯಾ? ಬಂಡೆ ಸಂದಿಯಲ್ಲಿ ಮೂರು ಬುಡ ಅಡಂಬು ಉಳಿದಿತ್ತು. ಮಳೆ ಬೀಳ್ತಿದ್ದ ಹಾಗೆ ಅದರ ತುದಿ ಕೊಯ್ದು, ಗೇಣು ಗೇಣು ತುಂಡು ಮಾಡಿ, ಹಸಿ ಹೊಯ್ಗೆಯಲ್ಲಿ ನೆಟ್ಲು. ಗಾಳಿ ಬಂದು ಮುಚ್ಚಿತು. ತೆಗೆದ್ಲು, ಮತ್ತೆ ನೆಟ್ಲು. ಅಲೆ ಬಂದು ಎಳೆದುಕೊಂಡು ಹೋಯ್ತು. ಮತ್ತೆ ನೆಟ್ಲು. ಯಾರದ್ದೋ ಆಡು ಬಂದು ತಿಂದು ಹೋಯ್ತು. ಆಡಿಗೆ ಬೈದು, ತೆಂಗಿನ ಮಡಲು ಹೆಣೆದು ಬೇಲಿ ಕಟ್ಟಿ, ಮತ್ತೆ ನೆಟ್ಲು. ಬೆರಳ ತುದಿ ಸವೆದು ಹೋಯ್ತು. ಒಂದು ಮಳೆಗಾಲ, ಎರಡು ಮಳೆಗಾಲ, ಮೂರು ಮಳೆಗಾಲ. ಬಳ್ಳಿ ನೆತ್ತಿ ತನಕ ಹತ್ತಿ ಹೂ ಬಿಟ್ಟಿತು. ದಿಬ್ಬ ನಿಂತಿತು. ಆದ್ರೆ ಹೊಸ ಬಳ್ಳಿ, ಎಳೇ ಬೇರು. ಒಂದು ಕಡೆ ಬಿಟ್ಟುಕೊಂಡ್ರೆ ಗಾಳಿ ಅಲ್ಲೇ ಬಾಯಿ ತೆಗೀತಿತ್ತು. ದಿನಾ ಸುತ್ತಬೇಕು, ದಿನಾ ತುಂಬಬೇಕು. ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ.

ಹೀಗಿರ್ತಾ ಉಪ್ಪು ಮಾರೋ ಮುದುಕನೊಬ್ಬ ದಾರಿ ತಪ್ಪಿ ಆ ಕಡೆ ಬಂದ. ಬೊಮ್ಮಿಗೆ ದೇವರೇ ಬಂದಷ್ಟು ಸಂತೋಷ. ಮಣೆ ಹಾಕಿದ್ಲು, ನೀರು ಕೊಟ್ಲು, ಬೇಲಿ ಬುಡದಲ್ಲಿ ತಾನೇ ಬೆಳೆದ ಗೆಣಸು ಬೇಯಿಸಿ ಬಡಿಸಿದ್ಲು. "ಗುಡ್ಡದ ಬುಡದ ಊರು ಹೇಗುಂಟು ಅಜ್ಜಾ?" ಅಂತ ಕೇಳಿದ್ಲು.

"ಹೋ, ಚೆನ್ನಾಗಿದೆ ತಾಯಿ! ಮೊದಲು ಅವರಲ್ಲಿ ಒಬ್ಬಳು ಹೊಯ್ಗೆಕಾಲಿನವಳು ಇದ್ಲಂತೆ. ಅವಳನ್ನ ಬಿಟ್ಟು ಬಂದ್ರಂತೆ. ನೋಡು, ಹೊಯ್ಗೆ ನಿಂತೇ ಹೋಯ್ತು! ಯಜಮಾನರು ಎಷ್ಟು ಬುದ್ಧಿವಂತರು ಅಂತ ಊರೆಲ್ಲ ಹೊಗಳ್ತದೆ."

ಬೊಮ್ಮಿ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸೋಕೆ ಹೋಗಿ ಅತ್ತುಬಿಟ್ಲು. ಮುದುಕ ಗಾಬರಿಯಾಗಿ ಉಪ್ಪಿನ ಗಂಟು ಹೊತ್ತು ಹೊರಟೇ ಹೋದ.

ಸಾಕು ಅಂದ್ಕೊಂಡ್ಲು. ಹೋಗಿ ಹೇಳ್ಬೇಕು. ನಿಜ ಗೊತ್ತಾದ್ರೆ ಕರೀದೆ ಇರ್ತಾರಾ? ಸೆರಗಿನಲ್ಲಿ ನಾಲ್ಕು ಗೆಣಸು ಕಟ್ಕೊಂಡು ಹೊಸ ಊರಿಗೆ ನಡೆದ್ಲು. ಅವಳನ್ನ ನೋಡಿ ಹೆಂಗಸರು ಮಕ್ಕಳನ್ನ ಒಳಗೆ ಎಳ್ಕೊಂಡ್ರು. ಹಮ್ಮಣ್ಣ ಜಗಲಿಯಿಂದ ಎದ್ದು ನಿಂತ.

"ಮಾವಾ, ಹೊಯ್ಗೆ ನಿಂತದ್ದು ನೀವು ನನ್ನನ್ನ ಬಿಟ್ಟು ಬಂದದ್ದಕ್ಕಲ್ಲ" ಅಂದ್ಲು ಬೊಮ್ಮಿ. "ಅಲ್ಲಿ ಕೂತು ಬಳ್ಳಿ ನೆಟ್ಟು ನಾನೇ ನಿಲ್ಲಿಸಿದ್ದು. ಕೈ ನೋಡಿ."

ಕೈ ಯಾರು ನೋಡ್ತಾರೆ? ಎಲ್ಲರೂ ಕಾಲು ನೋಡ್ತಿದ್ರು.

"ಹಾಗಾ?" ಅಂದ ಹಮ್ಮಣ್ಣ. "ಹಾಗಾದ್ರೆ ಇಲ್ಲೇ ಇರು. ಈ ಗಾಳಿಗಾಲ ಕಳೀಲಿ. ಹೊಯ್ಗೆ ಬರದಿದ್ರೆ ನೀನು ನನ್ನ ಸೊಸೆ. ಬಂದ್ರೆ ನಿನ್ನದು ಹೊಯ್ಗೆಕಾಲು."

ಅಯ್ಯೋ, ಅವನ ಬಾಯಿಗೆ ಬೆಂಕಿ ಬೀಳ! ಅವಳು ಇಲ್ಲಿದ್ರೆ ಅಲ್ಲಿ ಬಳ್ಳಿ ನೋಡೋರು ಯಾರು? ಬೊಮ್ಮಿ ಕೈಮುಗಿದ್ಲು. "ನಾನು ಇಲ್ಲಿರೋವಾಗ ನಿಮ್ಮಲ್ಲೊಬ್ಬರು ಅಲ್ಲಿರಬೇಕು. ಗಾಳಿಗಾಲ ಕಳೆಯೋ ತನಕ ಸಾಕು. ಮಾವಾ, ನೀವು ಹೋಗ್ತೀರಾ?"

"ನಾನಾ? ಊರು ಯಾರು ನೋಡ್ಕೊಳ್ತಾರೆ?"

"ಅತ್ತೇ, ನೀವು?"

"ನನ್ನ ಉಬ್ಬಸಕ್ಕೆ ಆ ಗಾಳಿ ಆಗ್ತದಾ ಮಾರಾಯ್ತಿ?"

ಜಟ್ಟಿ ಬಲೆ ಹೆಣೀತಾ ಕೂತಿದ್ದ. ಬೊಮ್ಮಿ ಅವನೆದುರು ಕೂತ್ಲು. "ನೀವು ಹೋಗಿ. ಒಂದೇ ಸಲ ಹೋಗಿ. ಅಲ್ಲಿ ಹೇಗಿರ್ತದೆ ಅಂತ ನಿಮಗೂ ಗೊತ್ತಾಗ್ತದೆ." ಜಟ್ಟಿ ಬಾಯಿ ತೆಗೆದ. ಬಾಯಿ ತೆಗೆದಾಗ ಅವಳ ಜೀವವೇ ಕಣ್ಣಿಗೆ ಬಂದು ನಿಂತಿತ್ತು. ಅವನು ಅಪ್ಪನ ಮುಖ ನೋಡಿದ, ಬಾಯಿ ಮುಚ್ಚಿದ.

ಹೋಗ್ಲಿ ಅಂತ ಬೊಮ್ಮಿ ಅಲ್ಲೇ ಉಳಿದ್ಲು. ಎರಡು ದಿನ ಬಳ್ಳಿ ತಡ್ಕೊಳ್ಳಲಿಕ್ಕಿಲ್ವಾ? ಬೇರೆಯವರ ಮಾತು ಕಿವಿಗೆ ಬೀಳ್ತದಲ್ಲ, ಅಷ್ಟೇ ಸಾಕಿತ್ತು ಅವಳಿಗೆ. ಅತ್ತೆ ಅನ್ನಕ್ಕೆ ಮೀನಿನ ಸಾರು ಬಡಿಸಿದ್ಲು. ಬೊಮ್ಮಿ ಅತ್ತೆಯ ಬೆನ್ನು ತಿಕ್ಕಿದ್ಲು. ಪಕ್ಕದ ಮನೆ ಕೂಸು ತೆವಳ್ಕೊಂಡು ಬಂದು ಅವಳ ಮಡಿಲು ಹತ್ತಿತು, ತಾಯಿ ಬಂದು ಎಳ್ಕೊಂಡು ಹೋಗೋ ತನಕ ಅಲ್ಲೇ ಇತ್ತು.

ಮೂರನೇ ಬೆಳಿಗ್ಗೆ ಎಲ್ಲರೂ ಗಂಜಿಗೆ ಕೂತಿದ್ರು. ಹಮ್ಮಣ್ಣ ಒಂದು ಗುಟುಕು ಬಾಯಿಗಿಟ್ಟ. ಕರ್ ಅಂತು. ಹೊಯ್ಗೆ! ಹೊರಗೆ ಪಡುವಣ ಗಾಳಿ ಬೀಸ್ತಿತ್ತು. ಪಕ್ಕದ ಮನೆ ಕೂಸು ಕಣ್ಣು ಉಜ್ಜಿಕೊಂಡು ಅಳ್ತಾ ಇತ್ತು. ಮಾದೇವಿ ಒಂದೇ ಸಮನೆ ಕೆಮ್ಮೋಕೆ ಶುರುಮಾಡಿದ್ಲು. ಎಲ್ಲರ ಕಣ್ಣೂ ಬೊಮ್ಮಿಯ ಕಾಲಿನ ಮೇಲೆ.

ಬೊಮ್ಮಿಗೆ ಆಗ ಗೊತ್ತಾಯ್ತು. ತಾನು ಹೇಳಿದ್ದು ನಿಜ ಅಂತ ತೋರಿಸೋಕೆ ದಾರಿಯೇ ಇಲ್ಲ. ಇಲ್ಲಿದ್ರೆ ಊರು ಮುಳುಗ್ತದೆ, ಹೊಯ್ಗೆಕಾಲು ಅಂತಾರೆ. ಹೋದ್ರೆ ಊರು ಉಳೀತದೆ, ಆಗಲೂ ಹೊಯ್ಗೆಕಾಲು ಅಂತಾರೆ. ಅವಳು ಗಂಜಿ ಬಟ್ಟಲು ಕೆಳಗಿಟ್ಲು. ಅತ್ತೆಗೆ ನೀರು ಕುಡಿಸಿದ್ಲು. ಎದ್ದು ಹೊರಗೆ ಬಂದ್ಲು. "ಇರು" ಅಂತ ಒಂದೇ ಒಂದು ಮಾತು ಯಾರಾದ್ರೂ ಅಂದ್ರಾ? ಅನ್ನಲಿಲ್ಲ.

ಹೋದ್ಲು. ಬಾಯಿ ಬಿಟ್ಟಿದ್ದ ಕಡೆಯೆಲ್ಲ ಬಳ್ಳಿ ತುಂಬಿದ್ಲು. ಗಾಳಿ ಇತ್ತು, ಹೊಯ್ಗೆ ನಿಂತಿತು. ಊರಲ್ಲಿ ಹಮ್ಮಣ್ಣ ತೊಡೆ ತಟ್ಟಿದ, "ನಾನು ಹೇಳ್ಲಿಲ್ವಾ!"

ಆ ವರ್ಷದಿಂದ ಊರಲ್ಲೊಂದು ಹೊಸ ಕಟ್ಟಳೆ ಬಂತು. ಪಡುವಣ ಗಾಳಿ ಏಳೋದಕ್ಕೆ ಮುಂಚೆ ಊರಿಗೆ ಊರೇ ಗಡಿಗೆ ಬಂದು ನಿಲ್ಲಬೇಕು. ಡೋಲು ಬಡಿದು, ತೆಂಗಿನಕಾಯಿ ಒಡೆದು, ಕಡಲ ಕಡೆ ಮುಖ ಮಾಡಿ ಎಲ್ಲರೂ ಒಟ್ಟಿಗೆ ಕೂಗಬೇಕು. "ಬೊಮ್ಮೀ... ಅಲ್ಲೇ ಇರು! ಈಚೆ ಬರಬೇಡ!" ಮಾರಿಗೆ ಹೇಳಿದ ಹಾಗೆ ಮೂರು ಸಲ.

ಆ ದಿನ ಬೊಮ್ಮಿ ಎಂತ ಮಾಡ್ತಿದ್ಲು ಗೊತ್ತಾ? ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಎಣ್ಣೆ ಹಾಕಿ ಬಾಚಿ, ಹೂ ಮುಡಿದು, ಒಗೆದ ಸೀರೆ ಉಟ್ಟು ದಿಬ್ಬದ ನೆತ್ತಿಯಲ್ಲಿ ಕಾಯ್ತಿದ್ಲು. ಕೂಗು ಬಂದಾಗ ಕಣ್ಣು ಮುಚ್ಚಿ ಕೇಳ್ತಿದ್ಲು. ಇದು ಅತ್ತೆಯದ್ದು. ಇದು ನಮ್ಮವರದ್ದು, ಈ ವರ್ಷ ಧ್ವನಿ ಸ್ವಲ್ಪ ಒಡೆದಿದೆ. ಇದು ಯಾವುದು ಹೊಸತು? ಓ, ಆ ಕೂಸು, ಮಾತು ಕಲಿತಿದೆ. ಹಮ್ಮಣ್ಣ ಮಾವನದ್ದು ಕೇಳ್ಲಿಲ್ಲವಲ್ಲ, ಹೋದ್ರೇನೋ ಪಾಪ.

ಮೂರನೇ ಕೂಗು ಮುಗಿದ ಮೇಲೆ ಎರಡೂ ಕೈ ಬಾಯಿಗೆ ಹಿಡಿದು, ಇದ್ದ ಉಸಿರೆಲ್ಲ ಸೇರಿಸಿ ಕೂಗ್ತಿದ್ಲು, "ಓ... ಇದ್ದೇನೆ! ಇಲ್ಲೇ ಇದ್ದೇನೆ!"

ಊರಿನವರು ಅದನ್ನ ಕೇಳಿ, ಹಿಂದೆ ತಿರುಗಿ ನೋಡದೆ ಮನೆಗೆ ಓಡ್ತಿದ್ರು. ಬೊಮ್ಮಿ ಇಳಿದು ಬಂದು ಬಳ್ಳಿ ತುಂಬೋ ಕೆಲಸಕ್ಕೆ ಕೂತ್ಕೊಳ್ತಿದ್ಲು. ತನ್ನ ಹೆಸರು ಕರೆದ್ರಲ್ಲ, ಇನ್ನೊಂದು ವರ್ಷಕ್ಕೆ ಅವಳಿಗೆ ಅಷ್ಟು ಸಾಕಾಗ್ತಿತ್ತು.

ಅವಳು ದಿಬ್ಬದಾಚೆ, ಅವರು ದಿಬ್ಬದೀಚೆ, ಕಥೆ ನಿಮ್ಮ ಸೆರಗಿಗೆ. ಗಂಟು ಹಾಕ್ಕೊಂಡು ಮನೆಗೆ ಹೋಗಿ. ನನ್ನ ಬಾಯಿ ಒಣಗಿದೆ, ಒಂದು ಎಲೆ-ಅಡಿಕೆ ಇಟ್ಟು ಹೋಗಿ.